ಅಶ್ವಶಕ್ತಿಯೂ ಘಾಟಿಯ ಏರೂ

ಹೊಸ ಕಾರೊಂದು ಊರಿಗೆ ಬಂತೆಂದರೆ ಅದರ ಸುತ್ತ ನಾಲ್ಕು ಜನ ಸೇರುವುದು ಸಹಜ. ಸೇರಿದವರು ಕೇಳುವ ಮೊದಲ ಪ್ರಶ್ನೆ, "ಎಷ್ಟು ಹಾರ್ಸ್‌ಪವರ್?" ಎಂಬುದು. ಎರಡನೆಯದು, "ಲೀಟರಿಗೆ ಎಷ್ಟು ಓಡ್ತದೆ?" ಮೂರನೆಯದು ಬೆಲೆ. ಇಷ್ಟಕ್ಕೆ ಉತ್ತರ ದೊರೆತರೆ ಕಾರಿನ ಗುಣವೆಲ್ಲ ತಿಳಿದುಹೋಯಿತೆಂಬ ಸಮಾಧಾನದಿಂದ ಜನ ಚದರುತ್ತಾರೆ. ಅದೇ ಕಾರು ನಾಳೆ ಚಾರ್ಮಾಡಿಯ ತಿರುವುಗಳನ್ನು ಹತ್ತೀತೆ, ಐದು ಜನರನ್ನು ಕೂರಿಸಿಕೊಂಡು ತೋಟದ ಮಣ್ಣುರಸ್ತೆಯಿಂದ ಮೇಲೆ ಬಂದೀತೆ ಎಂಬುದನ್ನು ತಿಳಿಸುವ ಎರಡು ಅಂಕೆಗಳನ್ನು ಮಾತ್ರ ಯಾರೂ ಕೇಳುವುದಿಲ್ಲ. ಕ್ರೌನು-ಪಿನಿಯನುಗಳ ಪ್ರಮಾಣವೆಷ್ಟು? ಇಂಜಿನು ನಿಮಿಷಕ್ಕೆ ಎಷ್ಟು ಸುತ್ತಿನವರೆಗೆ ತಿರುಗಬಲ್ಲುದು? ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆಯವರಾದ ನಮಗೆ ಅಶ್ವಶಕ್ತಿಗಿಂತ ಈ ಎರಡು ಅಂಕೆಗಳೇ ಹೆಚ್ಚು ಮುಖ್ಯವೆಂಬುದು ನನ್ನ ಅಭಿಪ್ರಾಯ.

ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವವನಿಗೆ ಈ ಉಸಾಬರಿ ಏಕೆ ಎಂದು ವಾಚಕರು ಕೇಳಬಹುದು. ನಮ್ಮ ತರಗತಿಯ ಮಿತ್ರರು ಈಗಾಗಲೇ ಕೇಳಿ ನಕ್ಕಿದ್ದಾರೆ. ಯಂತ್ರಶಾಸ್ತ್ರ ನನ್ನ ವಿಷಯವಲ್ಲ, ನಿಜ. ಆದರೆ ಸಾಲದ ಕಂತು ಮನೆಯ ವಿಷಯವಾದಾಗ ಯಂತ್ರಶಾಸ್ತ್ರವೂ ಮನೆಯ ವಿಷಯವೇ ಆಗುತ್ತದೆ.

ಸಂಗತಿ ಹೀಗಿದೆ. ಕಳೆದ ವರ್ಷ ನಮ್ಮಣ್ಣ ಮೂಡುಬಿದಿರೆಯಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ಕಾರನ್ನು ಸಾಲ ಮಾಡಿ ಕೊಂಡ. ಮಾರಿದವರು ಅದರ ಅಶ್ವಶಕ್ತಿಯನ್ನು ಬಾಯಿತುಂಬ ವರ್ಣಿಸಿದ್ದರು. ನಮ್ಮ ಮನೆ ಇರುವುದು ಬೆಳ್ತಂಗಡಿ ತಾಲೂಕಿನಲ್ಲಿ, ಘಾಟಿಯ ಬುಡಕ್ಕೆ ಹತ್ತಿರ. ದೊಡ್ಡ ರಸ್ತೆಯಿಂದ ಮನೆಯಂಗಳಕ್ಕೆ ಅರ್ಧ ಮೈಲಿಯ ಮಣ್ಣುದಾರಿ. ಅದರ ನಡುವೆ ಮಳೆನೀರು ಕೊರೆದ ಚರಂಡಿ, ಕೊನೆಯಲ್ಲೊಂದು ಕಡಿದಾದ ಚಡಾವು. ಮೊದಲ ವಾರವೇ ಕಾರಿನ ಹೊಟ್ಟೆ ಕಲ್ಲಿಗೆ ತಾಗಿತು. "ಟೈರು ಸ್ವಲ್ಪ ದೊಡ್ಡದು ಹಾಕಿದರೆ ಆಯ್ತು" ಎಂದು ಯಾರೋ ಬುದ್ಧಿ ಹೇಳಿದರು. ಅಣ್ಣ ಹಾಕಿಸಿದ. ಕಾರು ನೋಡಲು ಗಂಭೀರವಾಯಿತು, ಹೊಟ್ಟೆ ತಾಗುವುದೂ ನಿಂತಿತು. ಆದರೆ ಅಡಿಕೆ ಮೂಟೆ ಹೇರಿ ಮನೆಯ ಚಡಾವು ಹತ್ತುವಾಗ ಮೊದಲನೆಯ ಗಿಯರಿನಲ್ಲಿಯೂ ಇಂಜಿನು ಉಸಿರು ಕಟ್ಟಿ ನಿಲ್ಲತೊಡಗಿತು. ಅಣ್ಣ ರೇಸ್ ಕೊಟ್ಟು, ಅರ್ಧ ಕ್ಲಚ್ಚಿನಲ್ಲಿ ಹಿಡಿದು, ಹೇಗೋ ಮೇಲೆ ತರುತ್ತಿದ್ದ. ನಾಲ್ಕು ತಿಂಗಳಾಗುವಷ್ಟರಲ್ಲಿ ಒಂದು ಸಂಜೆ ಕ್ಲಚ್ ಪ್ಲೇಟು ಸುಟ್ಟ ವಾಸನೆ ಅಡಿಗೆಮನೆಯವರೆಗೂ ಬಂತು. ರಿಪೇರಿಗೆ ತಗಲಿದ್ದು ಎರಡು ತಿಂಗಳ ಕಂತಿನಷ್ಟು ಹಣ.

ಕಾರನ್ನು ಎಳೆಸಿಕೊಂಡು ಹೋದದ್ದು ಬಿ.ಸಿ. ರೋಡಿಗೆ. (ಬಿ.ಸಿ. ಎಂದರೆ ಬಂಟ್ವಾಳ ಕ್ರಾಸ್ ಎಂಬುದು ದಿನವೂ ಅಲ್ಲಿ ಬಸ್ಸಿಳಿಯುವ ಎಷ್ಟೋ ಮಂದಿಗೆ ಗೊತ್ತಿಲ್ಲ.) ಅಲ್ಲಿಯ ಮೆಕ್ಯಾನಿಕ್ ಒಬ್ಬರು, ತಲೆ ನರೆತವರು, ಇಂಜಿನನ್ನು ಮುಟ್ಟುವ ಮೊದಲು ಟೈರನ್ನು ನೋಡಿದರು.

"ಇದು ಯಾರು ಹಾಕಿದ್ದು ಮಾರಾಯ?"

"ನಾನೇ ಅಣ್ಣ. ಅಡಿ ತಾಗ್ತಾ ಇತ್ತು."

"ಅಡಿ ತಾಗುವುದು ನಿಂತಿತು, ದಮ್ಮು ಹೋಯ್ತು. ಕ್ರೌನು ಬದಲಿಸಿದ ಹಾಗೆ ಆಯ್ತಲ್ಲ!"

ಟೈರಿಗೂ ಕ್ರೌನಿಗೂ ಏನು ಸಂಬಂಧವೆಂದು ಅಣ್ಣನಿಗೆ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಕಾರಿನೊಂದಿಗೆ ಬಂದಿದ್ದ ಇಂಗ್ಲಿಷ್ ಕೈಪಿಡಿಯನ್ನು ಮನೆಗೆ ಒಯ್ದು ಓದುವ ಕೆಲಸ ನನ್ನ ಪಾಲಿಗೆ ಬಂತು. ಮನೆಯಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ. ಅದರಲ್ಲಿ ರೇಡಿಯೋ ಹಾಕುವುದಕ್ಕೆ ಹನ್ನೊಂದು ಪುಟಗಳಿದ್ದವು. ಕ್ರೌನು-ಪಿನಿಯನಿನ ಪ್ರಮಾಣ ಎಲ್ಲಿಯೂ ಇರಲಿಲ್ಲ.

ಅಲ್ಲಿಂದೀಚೆಗೆ ಓದಿ, ಕೇಳಿ, ಲೆಕ್ಕ ಮಾಡಿ ನಾನು ತಿಳಿದುಕೊಂಡುದನ್ನು ನನ್ನಂತಹವರಿಗಾಗಿ ಹೇಳುತ್ತೇನೆ.

ನಮ್ಮ ಜಿಲ್ಲೆಯಲ್ಲಿ ಗೇರು ಎಂದೊಡನೆ ನೆನಪಾಗುವುದು ಗುಡ್ಡದ ಮೇಲಿನ ಗೇರುಮರ. ಗೊಂದಲ ಬೇಡವೆಂದು ನಾನು ಗಿಯರು ಎಂದೇ ಬರೆಯುತ್ತಿದ್ದೇನೆ. ಗಿಯರೆಂದರೆ ಹಲ್ಲುಚಕ್ರಗಳ ಜೋಡಿ. ಸೈಕಲ್ಲನ್ನು ನೋಡಿ. ಮುಂದಿನ ದೊಡ್ಡ ಚಕ್ರಕ್ಕೆ 44 ಹಲ್ಲು, ಹಿಂದಿನ ಸಣ್ಣ ಚಕ್ರಕ್ಕೆ 18 ಹಲ್ಲು ಎಂದುಕೊಂಡರೆ ಪೆಡಲು ಒಂದು ಸುತ್ತು ಬಂದಾಗ ಹಿಂದಿನ ಗಾಲಿ ಸುಮಾರು ಎರಡೂವರೆ ಸುತ್ತು ಬರುತ್ತದೆ. ಸಮನಾದ ದಾರಿಯಲ್ಲಿ ಇದು ಸುಖ. ಏರಿನಲ್ಲಿ ಇಳಿದು ತಳ್ಳಬೇಕು. ಮೋಟಾರಿನಲ್ಲಿ ಇದಕ್ಕೆ ತಿರುಗುಮುರುಗು. ಇಂಜಿನು ಬಹಳ ಸುತ್ತು ತಿರುಗುತ್ತದೆ, ಗಾಲಿ ಕಡಿಮೆ ಸುತ್ತು ತಿರುಗುತ್ತದೆ. ಸುತ್ತು ಎಷ್ಟು ಪಾಲು ಇಳಿಯುವುದೋ ಗಾಲಿಯನ್ನು ತಿರುಗಿಸುವ ಬಲ ಅಷ್ಟು ಪಾಲು ಏರುತ್ತದೆ, ಹಲ್ಲುಗಳ ಉಜ್ಜಾಟದಲ್ಲಿ ಸ್ವಲ್ಪ ನಷ್ಟವಾಗುವುದನ್ನು ಬಿಟ್ಟರೆ. ಪುಕ್ಕಟೆಯಾಗಿ ಏನೂ ದೊರೆಯದು. ಬಲ ಬೇಕೆಂದರೆ ವೇಗವನ್ನು ಕೊಡಬೇಕು, ವೇಗ ಬೇಕೆಂದರೆ ಬಲವನ್ನು ಕೊಡಬೇಕು.

ಈ ಇಳಿಕೆ ಎರಡು ಕಡೆ ನಡೆಯುತ್ತದೆ. ಮೊದಲನೆಯದು ಗಿಯರು ಪೆಟ್ಟಿಗೆಯಲ್ಲಿ. ಅದು ಚಾಲಕನ ಕೈಯಲ್ಲಿದೆ. ಎರಡನೆಯದು ಗಾಲಿಗಳ ಅಚ್ಚಿಗೆ ಬಲ ಸೇರುವಲ್ಲಿ. ಅದು ಯಾರ ಕೈಯಲ್ಲಿಯೂ ಇಲ್ಲ. ಅಲ್ಲಿ ಒಂದು ಸಣ್ಣ ಚಕ್ರ ದೊಡ್ಡದೊಂದನ್ನು ತಿರುಗಿಸುತ್ತದೆ. ಸಣ್ಣದು ಪಿನಿಯನು, ದೊಡ್ಡದು ಕ್ರೌನು. ಸಣ್ಣ ಕಾರುಗಳಲ್ಲಿ ಚಕ್ರದ ಆಕಾರ ಬೇರೆಯಾಗಿದ್ದು ಗಿಯರು ಪೆಟ್ಟಿಗೆಯೊಳಗೇ ಅಡಗಿರುತ್ತದಾದರೂ ಕೆಲಸ ಅದೇ. ಯಾವ ಗಿಯರು ಹಾಕಿದರೂ ಕೊನೆಗೆ ಈ ಜೋಡಿಯನ್ನು ದಾಟಿಯೇ ಗಾಲಿಗೆ ಹೋಗಬೇಕು. ಆದ್ದರಿಂದ ಈ ಒಂದು ಪ್ರಮಾಣ ಬದಲಾದರೆ ಎಲ್ಲ ಗಿಯರುಗಳೂ ಒಮ್ಮೆಗೆ ಬದಲಾದಂತೆಯೇ.

ಒಂದು ಲೆಕ್ಕ ಮಾಡೋಣ. ಟೈರಿನ ಸುತ್ತಳತೆ 180 ಸೆಂಟಿಮೀಟರು. ಗಿಯರು ಪೆಟ್ಟಿಗೆಯಲ್ಲಿ ಇಂಜಿನಿನ ಸುತ್ತು ಹಾಗೆಯೇ ದಾಟುವ ಗಿಯರಿನಲ್ಲಿದ್ದೇವೆ. ಕ್ರೌನಿನ ಪ್ರಮಾಣ 4 ಆಗಿದ್ದು ಇಂಜಿನು ನಿಮಿಷಕ್ಕೆ 3000 ಸುತ್ತು ತಿರುಗಿದರೆ ಗಾಲಿ 750 ಸುತ್ತು ತಿರುಗುತ್ತದೆ. ಕಾರು ಗಂಟೆಗೆ 81 ಕಿಲೋಮೀಟರು ಓಡುತ್ತದೆ. ಕ್ರೌನಿನ ಪ್ರಮಾಣ 5 ಆದರೆ ಅದೇ ಇಂಜಿನು, ಅದೇ ಸುತ್ತು, ವೇಗ ಮಾತ್ರ 65 ಕಿಲೋಮೀಟರು. ಸೋತೆವೆನ್ನುವಿರಾ? ಎಳೆಯುವ ಬಲ ಕಾಲು ಪಾಲು ಹೆಚ್ಚಿತು. ಅಶ್ವಶಕ್ತಿ ಒಂದಿಷ್ಟೂ ಹೆಚ್ಚಲಿಲ್ಲ. ಜಾಹೀರಾತಿನಲ್ಲಿ ಎರಡೂ ಕಾರುಗಳು ಒಂದೇ ಎಂದು ಅಚ್ಚಾಗುತ್ತವೆ.

ಇನ್ನು ಸುತ್ತಿನ ಮಿತಿ. ಪಿಸ್ಟನ್ನು ಒಂದು ಸುತ್ತಿಗೆ ಒಮ್ಮೆ ಮೇಲೆ ಹೋಗಿ ಒಮ್ಮೆ ಕೆಳಗೆ ಬರುತ್ತದೆ. ಎರಡೂ ತುದಿಗಳಲ್ಲಿ ಅದನ್ನು ನಿಲ್ಲಿಸಿ ಹಿಂದಕ್ಕೆ ಎಳೆಯಬೇಕು. ಸುತ್ತು ಎರಡರಷ್ಟಾದರೆ ಈ ಎಳೆತ ನಾಲ್ಕರಷ್ಟಾಗುತ್ತದೆ. ಒಂದು ಹಂತ ಮೀರಿದರೆ ವಾಲ್ವುಗಳನ್ನು ಮುಚ್ಚುವ ಸ್ಪ್ರಿಂಗುಗಳಿಗೆ ಸಮಯ ಸಾಲದೆ, ಅವು ಪೂರ್ತಿ ಮುಚ್ಚುವ ಮೊದಲೇ ಪಿಸ್ಟನ್ನು ಮೇಲೆ ಬರಬಹುದು. ಅದಕ್ಕಾಗಿಯೇ ತಯಾರಕರು ಮಿತಿಯೊಂದನ್ನು ಇಡುತ್ತಾರೆ. ಅಲ್ಲಿಗೆ ಮುಟ್ಟಿದೊಡನೆ ಇಂಧನ ಕಡಿತವಾಗುತ್ತದೆ. ಪೆಟ್ರೋಲು ಕಾರುಗಳಲ್ಲಿ ಸಾಮಾನ್ಯವಾಗಿ 6000ದಿಂದ 6500ರ ಸುಮಾರು. ಡೀಸೆಲ್ ಕಾರುಗಳಲ್ಲಿ 4500, 5000. ಬಸ್ಸು ಲಾರಿಗಳ ದೊಡ್ಡ ಇಂಜಿನುಗಳಂತೂ ಹೆಚ್ಚಾಗಿ 3000ದ ಒಳಗೇ.

ಈಗ ಎರಡು ಅಂಕೆಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಬಿಡಿಬಿಡಿಯಾಗಿ ನೋಡಿದರೆ ಅರ್ಥವಿಲ್ಲ. ಸುತ್ತಿನ ಮಿತಿ ಹೆಚ್ಚಿರುವ ಇಂಜಿನಿಗೆ ಕ್ರೌನಿನ ಪ್ರಮಾಣ ಹೆಚ್ಚಿಟ್ಟರೂ ವೇಗ ಸಾಯುವುದಿಲ್ಲ. ಮೇಲಿನ ಲೆಕ್ಕದಲ್ಲಿ 5ರ ಕ್ರೌನಿನ ಕಾರು ಕೂಡ 6000 ಸುತ್ತಿನಲ್ಲಿ 130 ಕಿಲೋಮೀಟರು ಮುಟ್ಟುತ್ತದೆ. 4ರ ಕ್ರೌನಿನದು 162 ಮುಟ್ಟಬೇಕು. ಆದರೆ ಸಣ್ಣ ಇಂಜಿನಿನ ಬಲ ಗಾಳಿಯ ತಡೆಗೆ ಸಾಲದೆ ಎಷ್ಟೋ ಕಾರುಗಳು ಅಲ್ಲಿಗೆ ಮುಟ್ಟುವುದೇ ಇಲ್ಲ. ಮುಟ್ಟಿದರೂ ಗುರುವಾಯನಕೆರೆಯಿಂದ ವೇಣೂರಿಗೆ ಹೋಗುವ ರಸ್ತೆಯಲ್ಲಿ 162ನ್ನು ಇಟ್ಟುಕೊಂಡು ಮಾಡುವುದೇನು?

ಚಾರ್ಮಾಡಿಯನ್ನೇ ತೆಗೆದುಕೊಳ್ಳಿ. ಉಜಿರೆ, ಮುಂಡಾಜೆ, ಕಕ್ಕಿಂಜೆ ದಾಟಿ ಚಾರ್ಮಾಡಿಯಿಂದ ಕೊಟ್ಟಿಗೆಹಾರದವರೆಗೆ ಏರುವ ಆ ದಾರಿ ರಾಷ್ಟ್ರೀಯ ಹೆದ್ದಾರಿ 73ರ ಭಾಗವೆಂದು ಹೇಳಿದರೆ ನೋಡದವರು ನಂಬಲಾರರು. ಒಂದು ಕಡೆ ಬಂಡೆ, ಒಂದು ಕಡೆ ಕಣಿವೆ, ನಡುವೆ ಮಂಜು. 2019ರ ಆಗಸ್ಟಿನ ಮಳೆಗೆ ಅಲ್ಲಲ್ಲಿ ಗುಡ್ಡ ಜರಿದು ವಾರಗಟ್ಟಲೆ ಸಂಚಾರವೇ ನಿಂತಿತ್ತು. ಆ ತಿರುವುಗಳಲ್ಲಿ ಎರಡನೆಯ ಗಿಯರೇ ಗತಿ. ಎರಡನೆಯ ಗಿಯರಿನ ಪ್ರಮಾಣ 2, ಕ್ರೌನು 5 ಎಂದಿಟ್ಟುಕೊಂಡರೆ 6000 ಸುತ್ತಿನ ಮಿತಿ ತಾಗುವುದು 65 ಕಿಲೋಮೀಟರು ವೇಗದಲ್ಲಿ. ಘಾಟಿಯ ತಿರುವಿನಲ್ಲಿ 65ರ ವೇಗದಲ್ಲಿ ಹೋಗುವ ವಿವೇಕಿ ಯಾರು? ಅಂದರೆ ದೊಡ್ಡ ಪ್ರಮಾಣದಿಂದ ನಮಗೆ ಅಲ್ಲಿ ಆಗುವ ನಷ್ಟ ಶೂನ್ಯ. ಲಾಭವೋ ಕಾಲು ಪಾಲು ಬಲ.

ಇದಕ್ಕೆ ಜೀಪಿಗಿಂತ ಬೇರೆ ಸಾಕ್ಷಿ ಬೇಡ. ನಮ್ಮ ತಾಲೂಕಿನ ಒಳಹಳ್ಳಿಗಳಿಗೆ ಬಸ್ಸು ಕಾಣುವ ಮೊದಲು ಜೀಪು ಬಂದಿತ್ತು. ಎರಡನೆಯ ಮಹಾಯುದ್ಧದ ಬಳಿಕ ವಿಲ್ಲೀಸ್ ಕಂಪನಿಯವರು ನಾಗರಿಕರಿಗೆಂದು ಮಾಡಿದ ಜೀಪಿನ ಇಂಜಿನು 2.2 ಲೀಟರಿನದು, ಅಶ್ವಶಕ್ತಿ 60, ಅದೂ 4000 ಸುತ್ತಿನಲ್ಲಿ. ಇಂದಿನ ಒಂದು ಲೀಟರಿನ ಸಣ್ಣ ಕಾರು ಸುಮಾರು 65 ಅಶ್ವಶಕ್ತಿ ಕೊಡುತ್ತದೆ. ಕಾಗದದ ಮೇಲೆ ಕಾರೇ ಮೇಲು. ಆದರೆ ಆ ಜೀಪಿನ ಕ್ರೌನಿನ ಪ್ರಮಾಣ 5.38. ಮೊದಲನೆಯ ಗಿಯರು, ಅದರ ಮೇಲೆ ನಾಲ್ಕು ಗಾಲಿಗಳಿಗೂ ಬಲ ಹಂಚುವ ಪೆಟ್ಟಿಗೆಯ ತಗ್ಗು ಗಿಯರು, ಇವೆಲ್ಲವನ್ನೂ ಗುಣಿಸಿದರೆ ಇಂಜಿನು 37 ಸುತ್ತಿನ ಹತ್ತಿರ ತಿರುಗಿದಾಗ ಗಾಲಿ ಒಂದು ಸುತ್ತು ತಿರುಗುತ್ತದೆ. ಜೊತೆಗೆ ಆ ಇಂಜಿನು ತನ್ನ ಪೂರ್ಣ ತಿರುಗಿಸುವ ಬಲವನ್ನು 2000 ಸುತ್ತಿನಲ್ಲಿಯೇ ಕೊಡುತ್ತಿತ್ತು. ಇಂದಿನ ಸಣ್ಣ ಪೆಟ್ರೋಲು ಇಂಜಿನು ಅದಕ್ಕಾಗಿ ಮೂರು ಮೂರೂವರೆ ಸಾವಿರಕ್ಕೆ ಏರಬೇಕು. ಜೀಪು ಗಂಟೆಗೆ ನೂರು ಕಿಲೋಮೀಟರು ಮುಟ್ಟಲು ಒದ್ದಾಡುತ್ತಿತ್ತೆಂಬುದು ನಿಜ. ಆದರೆ ಅದು ಹತ್ತದ ಗುಡ್ಡ ನಮ್ಮಲ್ಲಿ ಕಡಿಮೆ. ಕಂಬಳದ ಕೋಣ ಓಡುವುದನ್ನು ನೋಡಿ ಬೆರಗಾಗುವವರೂ ಮರುದಿನ ಗದ್ದೆ ಉಳಲು ಅದನ್ನು ಕೇಳುವುದಿಲ್ಲ. ಕಾರಿನ ವಿಷಯದಲ್ಲಿ ಮಾತ್ರ ನಾವು ಓಟದ ಕೋಣವನ್ನು ಕೊಂಡು ನೇಗಿಲಿಗೆ ಕಟ್ಟುತ್ತಿದ್ದೇವೆ.

ಹಳಬರಿಗೆ ಇದೆಲ್ಲ ತಿಳಿದಿತ್ತು. ಕೆನರಾ ಪಬ್ಲಿಕ್ ಕನ್ವೆಯನ್ಸ್ ಕಂಪನಿಯವರು ಮಂಗಳೂರಿನಿಂದ ಬಂಟ್ವಾಳಕ್ಕೆ ಬಸ್ಸು ಓಡಿಸಲು ತೊಡಗಿದ್ದು 1914ರಲ್ಲಿ. ಅಂದಿನ ಇಂಜಿನುಗಳ ಅಶ್ವಶಕ್ತಿ ಇಂದು ನಗೆ ತರಿಸುವಷ್ಟು ಅಲ್ಪ. ಆ ಕಾಲದ ಪ್ರಸಿದ್ಧ ಫೋರ್ಡ್ ಟಿ ಮಾದರಿಯ ಕಾರಿಗಿದ್ದುದು 20 ಅಶ್ವಶಕ್ತಿ, ಮುಂದಕ್ಕೆ ಹೋಗಲು ಎರಡೇ ಗಿಯರು. ಕಡಿದಾದ ಗುಡ್ಡ ಬಂದರೆ ಅದನ್ನು ತಿರುಗಿಸಿ ಹಿಮ್ಮುಖವಾಗಿ ಹತ್ತಿಸುತ್ತಿದ್ದರು! ಆಸನದ ಕೆಳಗಿನ ತೊಟ್ಟಿಯಿಂದ ಪೆಟ್ರೋಲು ತಾನಾಗಿ ಇಂಜಿನಿಗೆ ಇಳಿದುಬರಬೇಕಾಗಿದ್ದುದು ಇದಕ್ಕೆ ಒಂದು ಕಾರಣ. ಅದರ ಹಿಂಬದಿ ಗಿಯರು ಮುಂಬದಿಯ ತಗ್ಗು ಗಿಯರಿಗಿಂತಲೂ ಹೆಚ್ಚು ಬಲದ್ದಾಗಿತ್ತೆಂಬುದು ಇನ್ನೊಂದು. ಯುದ್ಧಕಾಲದಲ್ಲಿ ಪೆಟ್ರೋಲು ಸಿಗದೆ ನಮ್ಮ ದೇಶದ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡಿದಾಗ ಇಂಜಿನಿನ ಬಲ ಬಹಳಷ್ಟು ಇಳಿದುಹೋಗಿತ್ತು. ಆಗಲೂ ಕೈಹಿಡಿದದ್ದು ತಗ್ಗು ಗಿಯರು, ಅದೂ ಸಾಲದಾದಾಗ ಪ್ರಯಾಣಿಕರ ಭುಜ. ಧರ್ಮಸ್ಥಳದ ಕಾರು ಸಂಗ್ರಹಾಲಯಕ್ಕೆ ಹೋಗುವ ನಮ್ಮವರು ಹಿತ್ತಾಳೆಯ ದೀಪಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಬರುತ್ತಾರೆ. ಒಂದು ಸಲ ಬಗ್ಗಿ ಅಚ್ಚಿನ ನಡುವಿನ ಆ ದುಂಡನೆಯ ಪೆಟ್ಟಿಗೆಯನ್ನೂ ನೋಡಬೇಕೆಂದು ನನ್ನ ಬಿನ್ನಹ.

ಇನ್ನೊಂದು ಪಕ್ಷದವರ ಮಾತನ್ನೂ ಹೇಳದಿದ್ದರೆ ನ್ಯಾಯವಾಗದು. ಬಂಟ್ವಾಳದಿಂದ ಬರುವ ಮಿತ್ರನೊಬ್ಬ ನನ್ನೊಡನೆ ಗಂಟೆಗಟ್ಟಲೆ ವಾದಿಸಿದ್ದಾನೆ. ಅವನ ತಂದೆಯವರು ದಿನವೂ ಬಿ.ಸಿ. ರೋಡಿನಿಂದ ಮಂಗಳೂರಿಗೆ ನಾಲ್ಕು ಪಥದ ಹೆದ್ದಾರಿಯಲ್ಲಿ ಹೋಗಿ ಬರುವವರು. "ನಿನ್ನ 5ರ ಕ್ರೌನು ನಮಗೆ ಶಿಕ್ಷೆ" ಎಂದು ಅವನ ವಾದ. ಸರಿಯಾದ ಮಾತೇ. ಟಾಪ್ ಗಿಯರಿನ ಪ್ರಮಾಣ 0.8 ಎಂದುಕೊಂಡರೆ 80 ಕಿಲೋಮೀಟರು ವೇಗದಲ್ಲಿ 4.3ರ ಕ್ರೌನಿನ ಇಂಜಿನು ಸುಮಾರು 2550 ಸುತ್ತು ತಿರುಗುತ್ತದೆ. 5ರದ್ದು ಸುಮಾರು 2960. ದಿನವಿಡೀ ಅಷ್ಟು ಹೆಚ್ಚು ಸುತ್ತೆಂದರೆ ಹೆಚ್ಚು ಸದ್ದು, ಹೆಚ್ಚು ಸವೆತ, ಸ್ವಲ್ಪ ಹೆಚ್ಚು ಪೆಟ್ರೋಲು. ತಯಾರಕರು ಪ್ರಮಾಣವನ್ನು ತಗ್ಗಿಸುತ್ತ ಬಂದಿರುವುದೂ ಈ ಕಾರಣದಿಂದಲೇ. ಲೀಟರಿಗೆ ಎಷ್ಟು ಎಂಬ ನಮ್ಮ ಎರಡನೆಯ ಪ್ರಶ್ನೆಗೆ ಅವರು ಕೊಟ್ಟ ಉತ್ತರವದು. ಅವನ ತಂದೆಯವರಿಗೆ ತಗ್ಗು ಪ್ರಮಾಣದ ಕಾರೇ ತಕ್ಕದ್ದು. ನಾನು ಹೇಳುವುದು ಇಷ್ಟೆ: ಹದಿನೈದು ಮೈಲಿಯ ಅಂತರದಲ್ಲಿರುವ ಅವನ ಮನೆಗೂ ನಮ್ಮ ಮನೆಗೂ ಒಂದೇ ಕಾರು ಹೊಂದಲಾರದು, ಹೊಂದದೆಂಬುದನ್ನು ತಿಳಿಸುವ ಅಂಕೆ ಅಶ್ವಶಕ್ತಿಯಲ್ಲ.

"ಹಾಗಾದರೆ ಹೆಚ್ಚು ಅಶ್ವಶಕ್ತಿಯದನ್ನೇ ಕೊಂಡರಾಯಿತಲ್ಲ?" ಎನ್ನುವವರೂ ಇದ್ದಾರೆ. ಅಶ್ವಶಕ್ತಿಯೆಂದರೆ ತಿರುಗಿಸುವ ಬಲವನ್ನು ಸುತ್ತಿನಿಂದ ಗುಣಿಸಿ ಬಂದದ್ದು. ಜಾಹೀರಾತಿನ ಅಶ್ವಶಕ್ತಿ ಹುಟ್ಟುವುದು ಇಂಜಿನು ತನ್ನ ಮಿತಿಯ ಸಮೀಪ ಕಿರಿಚುತ್ತಿರುವಾಗ, 5500 ಅಥವಾ 6000 ಸುತ್ತಿನಲ್ಲಿ. ಚಡಾವಿನಲ್ಲಿ ನಿಂತು ಹೊರಡುವಾಗ ಇಂಜಿನು ಇರುವುದು ಸಾವಿರ, ಸಾವಿರದಿನ್ನೂರರಲ್ಲಿ. ಆ ಹೊತ್ತಿಗೆ ಆ ಕುದುರೆಗಳಲ್ಲಿ ಮುಕ್ಕಾಲು ಪಾಲು ಲಾಯದಲ್ಲಿಯೇ ಮಲಗಿರುತ್ತವೆ. ಹೊರಡಿಸಬೇಕಾದ್ದು ಇದ್ದ ಬಲವನ್ನು ಗುಣಿಸುವ ಗಿಯರು.

ನಮ್ಮ ಕಾರಿನ ಕಥೆಗೆ ಮತ್ತೆ ಬರುತ್ತೇನೆ. ಹಳೆಯ ಟೈರಿನ ಸುತ್ತಳತೆಯನ್ನು ದಾರ ಹಿಡಿದು ಅಳೆದಾಗ 180 ಸೆಂಟಿಮೀಟರು ಬಂತು, ಹೊಸದರದ್ದು 194. ಗಾಲಿ ಒಂದು ಸುತ್ತಿಗೆ ಎಂಟು ಪಾಲು ಹೆಚ್ಚು ದಾರಿ ಸವೆಸುತ್ತದೆಂದರೆ ಎಳೆಯುವ ಬಲ ಅಷ್ಟೇ ತಗ್ಗಿತೆಂದು ಅರ್ಥ. ಮೆಕ್ಯಾನಿಕರ ಪುಸ್ತಕದಲ್ಲಿ ನಮ್ಮ ಕಾರಿನ ಪ್ರಮಾಣ 4.3 ಎಂದಿತ್ತು. ಟೈರು ಬದಲಿಸಿ ನಾವು ಅದನ್ನು 4ಕ್ಕೆ ಇಳಿಸಿದಂತಾಗಿತ್ತು. ಸ್ಪೀಡೋಮೀಟರು ಕೂಡ ಅಂದಿನಿಂದ ಸುಳ್ಳು ಹೇಳುತ್ತಿತ್ತು. ಹಿಂದೆ ಸರಿಯಾಗಿ ತೋರಿಸುತ್ತಿತ್ತೆಂದುಕೊಂಡರೆ, ಅದು 60 ಎನ್ನುವಾಗ ಕಾರು ಓಡುತ್ತಿದ್ದುದು ಸುಮಾರು 65ರಲ್ಲಿ.

ನೂರಕ್ಕೆ ಎಂಟು ಎಂದರೆ ಅಷ್ಟು ದೊಡ್ಡದೆ ಎಂದು ನನಗೂ ಸಂಶಯವಿತ್ತು. ಆದ್ದರಿಂದ ಅಂದಾಜಿನ ಅಂಕೆಗಳನ್ನಿಟ್ಟು ಲೆಕ್ಕ ಮಾಡಿ ನೋಡಿದೆ. ಜನ, ಮೂಟೆ ಸೇರಿ 1300 ಕಿಲೋ ತೂಕ. ಐದಡಿಗೆ ಒಂದಡಿ ಏರುವ ಚಡಾವು. ಭೂಮಿ ಹಿಂದಕ್ಕೆ ಎಳೆಯುವುದು ಸುಮಾರು 255 ಕಿಲೋ ಭಾರದಷ್ಟು. ಹಸಿಮಣ್ಣಿನ ತಡೆ ಇನ್ನೊಂದು 25. ಒಟ್ಟು 280. ಸಣ್ಣ ಇಂಜಿನೊಂದು ತಗ್ಗು ಸುತ್ತಿನಲ್ಲಿ, ಮೊದಲನೆಯ ಗಿಯರಿನಲ್ಲಿ, 4.3ರ ಕ್ರೌನಿನೊಂದಿಗೆ ಗಾಲಿಗೆ ಕೊಡಬಲ್ಲ ಎಳೆತ 290ರ ಸುಮಾರು. ಹತ್ತು ಕಿಲೋ ಉಳಿಯಿತು. ಕಾರು ನಿಧಾನವಾಗಿ ಹತ್ತುತ್ತದೆ. ದೊಡ್ಡ ಟೈರು ಹಾಕಿ, ಎಳೆತ 268ಕ್ಕೆ ಇಳಿಯಿತು. ಹನ್ನೆರಡು ಕಿಲೋ ಕೊರತೆ. ಆ ಕೊರತೆಯನ್ನು ತುಂಬಲು ರೇಸ್ ಕೊಟ್ಟು ಕ್ಲಚ್ಚನ್ನು ಜಾರಿಸಬೇಕು. ಪಾಸಿನ ಅಂಕ 35 ಆಗಿರುವಲ್ಲಿ 34 ಬಂದವನಿಗೆ ಒಂದು ಅಂಕದ ಬೆಲೆ ಏನೆಂದು ಕೇಳಿ. ನಮ್ಮ ಕ್ಲಚ್ ಪ್ಲೇಟಿನ ಪಾಡೂ ಅದೇ. ತಪ್ಪೆಲ್ಲ ಟೈರಿನದೆಂದು ಅಣ್ಣನನ್ನು ಪೂರ್ತಿ ಬಿಡುಗಡೆ ಮಾಡಲಾರೆ. ಅರ್ಧ ಕ್ಲಚ್ಚಿನ ಚಾಳಿ ಅವನಿಗೆ ಹಿಂದಿನಿಂದಲೂ ಉಂಟು, ಮೆಕ್ಯಾನಿಕರೂ ಅದನ್ನು ಮುಖಕ್ಕೆ ಹೊಡೆದಂತೆ ಹೇಳಿದರು.

ಏರಿನ ಮಾತಾಯಿತು. ಇಳಿಯುವ ಮಾತು ಇದಕ್ಕಿಂತ ಮುಖ್ಯ, ಏಕೆಂದರೆ ಏರಿನಲ್ಲಿ ಹೋಗುವುದು ಹಣ, ಇಳಿಜಾರಿನಲ್ಲಿ ಹೋಗುವುದು ಜೀವ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಹೊರಟವರಲ್ಲಿ ಕೆಲವರು ಎಣ್ಣೆ ಉಳಿಸುವ ಆಸೆಯಿಂದ ನ್ಯೂಟ್ರಲ್ಲಿನಲ್ಲಿ ಇಳಿಯುತ್ತಾರೆ. ಇದರಷ್ಟು ತಪ್ಪು ಲೆಕ್ಕ ಬೇರೊಂದಿಲ್ಲ. ಇಂದಿನ ಇಂಜಿನುಗಳಲ್ಲಿ ಗಿಯರು ಹಾಕಿ, ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿಯುವಾಗ ಗಾಲಿಯೇ ಇಂಜಿನನ್ನು ತಿರುಗಿಸುವುದರಿಂದ ಇಂಧನ ಪೂರ್ತಿ ನಿಲ್ಲುತ್ತದೆ. ನ್ಯೂಟ್ರಲ್ಲಿನಲ್ಲಿಯೋ, ಇಂಜಿನು ಆರದಿರಲು ಅದಕ್ಕೆ ಎಣ್ಣೆ ಕೊಡುತ್ತಲೇ ಇರಬೇಕು. ಉಳಿತಾಯವೆಂದುಕೊಂಡದ್ದು ಖರ್ಚು. ಅಷ್ಟೇ ಅಲ್ಲ; ಗಿಯರು ಹಾಕಿದ್ದರೆ ಇಂಜಿನಿನ ತಡೆಯನ್ನು ಅದೇ ಕ್ರೌನು ಗುಣಿಸಿ ಗಾಲಿಯನ್ನು ಹಿಡಿಯುತ್ತದೆ. ಏರುವಾಗ ತಳ್ಳಿದ ಚಕ್ರವೇ ಇಳಿಯುವಾಗ ಹಿಡಿಯುವ ಚಕ್ರ. ಅದನ್ನು ಕಳಚಿಬಿಟ್ಟರೆ ಇಡೀ ಘಾಟಿಯ ಭಾರ ಬ್ರೇಕಿನ ಮೇಲೆ. ಕಾದ ಬ್ರೇಕು ಕೊನೆಯ ತಿರುವಿನಲ್ಲಿ ಕೈಬಿಟ್ಟರೆ ಆಶ್ಚರ್ಯವಿಲ್ಲ.

ಸುತ್ತಿನ ಮಿತಿ ನಮ್ಮನ್ನು ಕಾಯುತ್ತದೆಂದು ನಂಬಿದವರಿಗೆ ಇಲ್ಲಿ ಒಂದು ಎಚ್ಚರಿಕೆ. ಮಿತಿಯೆಂದರೆ ಇಂಧನವನ್ನು ಕಡಿಯುವ ಏರ್ಪಾಡು, ಅಷ್ಟೆ. ಗಾಲಿಯೇ ಇಂಜಿನನ್ನು ತಿರುಗಿಸತೊಡಗಿದಾಗ ಅದು ಕಡಿಯುವುದೇನನ್ನು? ಮೊದಲನೆಯ ಗಿಯರಿನ ಪ್ರಮಾಣ 3.5, ಕ್ರೌನು 4.3 ಇರುವ ಕಾರು 80ರ ವೇಗದಲ್ಲಿ ಹೋಗುತ್ತಿರುವಾಗ ಚಾಲಕನು ಗಾಬರಿಯಿಂದ ಮೊದಲನೆಯ ಗಿಯರು ಹಾಕಿ ಕ್ಲಚ್ ಬಿಟ್ಟನೆನ್ನಿ. ಗಾಲಿ ಇಂಜಿನನ್ನು 11,000 ಸುತ್ತಿಗೆ ಎಳೆಯಲು ನೋಡುತ್ತದೆ. ಮಿತಿ 6000 ಎಂದು ಬರೆದಿದ್ದರೇನು! ತಗ್ಗು ಗಿಯರನ್ನು ಇಳಿಜಾರು ತೊಡಗುವ ಮೊದಲೇ ಹಾಕಬೇಕೆಂದು ಹಳೆಯ ಚಾಲಕರು ಹೇಳುವುದರ ಗುಟ್ಟು ಇದು. ಬಸ್ಸು ಲಾರಿಗಳಿಗೆ ಹಾಕುವ 80 ಕಿಲೋಮೀಟರಿನ ಸ್ಪೀಡ್ ಗವರ್ನರನ್ನೂ ಕೆಲವರು ಇದೇ ಎಂದು ತಿಳಿಯುತ್ತಾರೆ. ಅದು ಗಾಡಿಯ ವೇಗದ ಮಿತಿ, ಇದು ಇಂಜಿನಿನ ಸುತ್ತಿನ ಮಿತಿ. ಇಳಿಜಾರಿನಲ್ಲಿ ಮಾತ್ರ ಎರಡೂ ಒಂದೇ ಸಮನೆ ಅಸಹಾಯಕ.

ವಿದ್ಯುತ್ ಕಾರು ಬಂದ ಮೇಲೆ ಈ ತಕರಾರೇ ಇಲ್ಲವೆನ್ನುವವರಿಗೆ ಒಂದೇ ಮಾತು. ಅದರಲ್ಲಿ ಗಿಯರು ಪೆಟ್ಟಿಗೆ ಹೋಯಿತು, ಕೊನೆಯ ಇಳಿಕೆ ಹೋಗಲಿಲ್ಲ. ಹತ್ತು ಸಾವಿರಕ್ಕೂ ಮೀರಿ ತಿರುಗುವ ಮೋಟಾರಿಗೆ ಎಂಟರಿಂದ ಹತ್ತರ ಒಂದೇ ಪ್ರಮಾಣವನ್ನು ಇಟ್ಟು ಏರಿಗೂ ಓಟಕ್ಕೂ ಅದನ್ನೇ ಬಳಸುತ್ತಾರೆ. ಸುತ್ತಿನ ಮಿತಿ ಹೆಚ್ಚಾದಷ್ಟೂ ಪ್ರಮಾಣವನ್ನು ಹೆಚ್ಚಿಡಬಹುದೆಂದು ಮೇಲೆ ಹೇಳಿದೆನಷ್ಟೆ. ಅದರ ತುತ್ತತುದಿ ಇದು.

ತಯಾರಕರಿಂದ ನಾನು ಬೇಡುವುದು ದೊಡ್ಡದೇನಲ್ಲ. ಅಶ್ವಶಕ್ತಿಯನ್ನು ಅಚ್ಚು ಹಾಕುವ ಹಾಳೆಯಲ್ಲಿಯೇ ಕ್ರೌನಿನ ಪ್ರಮಾಣ, ಮೊದಲನೆಯ ಗಿಯರಿನ ಪ್ರಮಾಣ, ಸುತ್ತಿನ ಮಿತಿ, ತಿರುಗಿಸುವ ಬಲ ಎಷ್ಟು ಸುತ್ತಿನಲ್ಲಿ ಎಂಬಿಷ್ಟನ್ನು ಕನ್ನಡದಲ್ಲಿ ಅಚ್ಚು ಹಾಕಲಿ. ಟೈರು ಬದಲಿಸಿದರೆ ಏನಾಗುತ್ತದೆಂದು ಒಂದು ಸಾಲು ಸೇರಿಸಲಿ. ರೇಡಿಯೋದ ಹನ್ನೊಂದು ಪುಟಗಳಲ್ಲಿ ಅರ್ಧ ಪುಟ ಕಡಿಮೆಯಾದರೆ ಯಾರ ಸಂಗೀತವೂ ಕೆಡದು. ಆದರೆ ನಾವು ಕೇಳದೆ ಅವರು ಕೊಡಲಾರರು.

ಅಣ್ಣನ ಕಾರಿಗೆ ಹಳೆಯ ಅಳತೆಯ ಟೈರುಗಳೇ ಮರಳಿ ಬಂದಿವೆ. ದಾರಿಯ ಚರಂಡಿಗೆ ನಾನೂ ಅವನೂ ಎರಡು ಭಾನುವಾರ ಕಲ್ಲು ಹಾಸಿದೆವು. ಈಗ ಹೊಟ್ಟೆ ತಾಗುವುದಿಲ್ಲ. ಮೊನ್ನೆ ಸೋದರಮಾವ ಕಾರು ಕೊಳ್ಳಬೇಕೆಂದು ಮಂಗಳೂರಿಗೆ ಹೊರಟಾಗ ನನ್ನನ್ನೂ ಕರೆದುಕೊಂಡು ಹೋದರು. ಅಂಗಡಿಯ ಹುಡುಗ ಅಶ್ವಶಕ್ತಿಯನ್ನು ಹೇಳಿ ಮುಗಿಸಿದ ಮೇಲೆ ನಾನು ಕ್ರೌನಿನ ಪ್ರಮಾಣ ಕೇಳಿದೆ. ಅವನು ಒಳಗೆ ಹೋಗಿ ಹಿರಿಯರೊಬ್ಬರನ್ನು ಕರೆತಂದ. ಅವರು ಯಾರಿಗೋ ಫೋನು ಮಾಡಿದರು. ನಾವು ಚಹಾ ಕುಡಿದು ಮುಗಿಸುವ ಹೊತ್ತಿಗೆ ಹುಡುಗ ಒಂದು ಚೀಟಿಯಲ್ಲಿ ಅಂಕೆಯನ್ನು ಬರೆದು ತಂದುಕೊಟ್ಟ.

"ನೀವು ಇಂಜಿನಿಯರಿಂಗ್ ಓದುವುದಾ?" ಎಂದು ಕೇಳಿದ.

"ಅಲ್ಲ, ಬಿ.ಎ." ಎಂದೆ.

ಮಾವ ಆ ಚೀಟಿಯನ್ನು ಮಡಚಿ ಕನ್ನಡಕದ ಪೆಟ್ಟಿಗೆಯಲ್ಲಿ ಇಟ್ಟುಕೊಂಡರು. ಇನ್ನೆರಡು ಅಂಗಡಿಗಳ ಚೀಟಿಗಳು ಬರಬೇಕಾಗಿವೆ.